ಶುಕ್ರವಾರ ಫೋನು ಅಮ್ಮನಿಗೆ, ಪಾಠ ದೇವರಿಗೆ!

ಬನಶಂಕರಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಿ. ಕಾಲೇಜು ಹುಡುಗ-ಹುಡುಗಿಯರ ಕಿವಿಗೆಲ್ಲ ವೈರು. ಕಣ್ಣು ಎಲ್ಲೋ, ಗಮನ ಎಲ್ಲೋ. ಪಕ್ಕದಲ್ಲಿ ಚೀಲ ಹಿಡಿದು ನಿಂತ ಹಿರಿಯರು, 'ಬೆಳಗಾಗೆದ್ದು ಸಿನಿಮಾ ಹಾಡು ಹಾಕ್ಕೊಂಡವಲ್ಲಪ್ಪ, ಇನ್ನು ಇವು ಓದಿದ ಹಾಗೇ' ಎಂದು ಗೊಣಗುವುದು ದಿನನಿತ್ಯದ ಮಾತು. ನಿಮ್ಮ ಈ ವರದಿಗಾರನೂ ಬಹಳ ದಿನ ಅದೇ ಪಾರ್ಟಿ.

ಒಂದು ದಿನ ಜಯನಗರ 4ನೇ ಬ್ಲಾಕಿನ ಬಸ್ಸಿನಲ್ಲಿ ಆ ಅಭಿಪ್ರಾಯಕ್ಕೆ ಪೆಟ್ಟು ಬಿತ್ತು. ನೂಕುನುಗ್ಗಲಿನಲ್ಲಿ ಒಬ್ಬ ಹುಡುಗಿಯ ಫೋನಿನಿಂದ ವೈರು ಕಿತ್ತು ಬಂತು. ಫೋನು ಇಡೀ ಬಸ್ಸಿಗೆ ಕೇಳುವ ಹಾಗೆ ಮಾತಾಡತೊಡಗಿತು. ಹಾಡಲ್ಲ ಸ್ವಾಮಿ, ಡೈಲಾಗೂ ಅಲ್ಲ. ಯಾರೋ ಮೇಷ್ಟ್ರು ಇಂಗ್ಲಿಷಿನಲ್ಲಿ 'ಡಿಪ್ರಿಸಿಯೇಶನ್' ಪಾಠ ಹೇಳುತ್ತಿದ್ದಾರೆ! ನಡುವೆ ಡಸ್ಟರ್ ಮೇಜಿಗೆ ಕುಟ್ಟಿದ ಸದ್ದು, ಹಿಂದಿನ ಬೆಂಚಿನ ಕೆಮ್ಮು. ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರಂತೂ 'ಬಸ್ಸಲ್ಲೇ ಕಾಲೇಜು ತೆಗೆದ್ಬಿಟ್ರಾ, ನಮಗೂ ಒಂದು ಸೀಟು ಕೊಡಿಸ್ರಮ್ಮ' ಅಂದರು. ಹುಡುಗಿ ನಾಚಿ ತಲೆ ತಗ್ಗಿಸಿ ವೈರು ಸಿಕ್ಕಿಸಿಕೊಂಡಳು.

4ನೇ ಬ್ಲಾಕಿನಲ್ಲಿ ಇಳಿದ ಮೇಲೆ ಪತ್ರಿಕೆಯವನೆಂದು ಪರಿಚಯ ಹೇಳಿಕೊಂಡು ವಿಚಾರಿಸಿದೆ. ಹೆಸರು, ಕಾಲೇಜು ಹಾಕಬೇಡಿ ಸಾರ್ ಅಂದಳು, ಹಾಕಿಲ್ಲ. ಬಿ.ಕಾಂ. ಎರಡನೇ ವರ್ಷ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮನೆ ಕನಕಪುರ ರಸ್ತೆ ಕಡೆ. ತಾಯಿ ಬನಶಂಕರಿ ದೇವಸ್ಥಾನದ ಹತ್ತಿರ ಹೂವು, ನಿಂಬೆಹಣ್ಣು ಮಾರುತ್ತಾರೆ. ಮನೆಗೆಲ್ಲ ಸೇರಿ ಇರುವುದು ಒಂದೇ ಸ್ಮಾರ್ಟ್‌ಫೋನು. ಕಾಲೇಜಿನ ಇಂಗ್ಲಿಷ್ ಪಾಠ ಒಂದು ಸಲ ಕೇಳಿದರೆ ತಲೆಗೆ ಹತ್ತುವುದಿಲ್ಲ. ಅದಕ್ಕೇ ಮೇಷ್ಟ್ರ ಅಪ್ಪಣೆ ಕೇಳಿ ಪಾಠವನ್ನು ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ರಾತ್ರಿ ಒಂದು ಸಲ ಕೇಳುತ್ತಾಳೆ, ಮಾರನೇ ದಿನ ಬಸ್ಸಿನಲ್ಲಿ ಇನ್ನೊಂದು ಸಲ. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತಲ್ಲ, ಅಂದಿನಿಂದ ಬಸ್ಸೇ ಅವಳ ಓದುವ ಕೋಣೆ.

ಚೀಲದಿಂದ ಒಂದು ಲಾಂಗ್ ಬುಕ್ ತೆಗೆದು ತೋರಿಸಿದಳು. ಬಲಗಡೆ ಪುಟದಲ್ಲಿ ಇಂಗ್ಲಿಷು, ಪರೀಕ್ಷೆಯಲ್ಲಿ ಬರೆಯಬೇಕಾದ ಹಾಗೆ. ಎಡಗಡೆ ಪುಟದಲ್ಲಿ ಅದೇ ವಿಷಯ ಕನ್ನಡದಲ್ಲಿ, ತನಗೆ ತಿಳಿಯುವ ಹಾಗೆ. ಡಿಪ್ರಿಸಿಯೇಶನ್ ಪುಟದ ಎದುರಿಗೆ ಹೀಗೆ ಬರೆದುಕೊಂಡಿದ್ದಾಳೆ: ಅಮ್ಮನ ತಳ್ಳುಗಾಡಿ ಹೊಸದಿದ್ದಾಗ ಹನ್ನೆರಡು ಸಾವಿರ, ಈಗ ಮಾರಲು ಹೋದರೆ ಅರ್ಧವೂ ಹುಟ್ಟುವುದಿಲ್ಲ, ಆ ಕಳೆದುಹೋದ ಅರ್ಧವೇ ಸವಕಳಿ. ಅಂಗಡಿ ಇಟ್ಟವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೇ?

ಪುಟ ಬರೆದು ಮುಗಿದ ಮೇಲೆ ರೆಕಾರ್ಡನ್ನು ಅಳಿಸಿಬಿಡುತ್ತಾಳಂತೆ. ಯಾಕಮ್ಮಾ, ಪರೀಕ್ಷೆ ತನಕ ಇಟ್ಟುಕೊಳ್ಳಬಾರದೇ ಎಂದೆ. 'ಫೋನಲ್ಲಿ ಜಾಗ ಎಲ್ಲಿದೆ ಸಾರ್?' ಅಂದಳು. ಒಂದು ಪಾಠ ಬರೆದು ಅಳಿಸಿದರೆ ತಾನೇ ಇನ್ನೊಂದು ಪಾಠಕ್ಕೆ ಜಾಗ!

ಸೋಮವಾರದಿಂದ ಗುರುವಾರದವರೆಗೆ ಹೀಗೆ. ಶನಿವಾರವೂ ಹೀಗೆ. ಶುಕ್ರವಾರದ ವಿಚಾರ ಮಾತ್ರ ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ಇನ್ನೊಂದು ಸಲ ಹೇಳಿ ಅನ್ನೋ ಧೈರ್ಯ

ಆ ಲಾಂಗ್ ಬುಕ್ ನೋಡಿ ನನ್ನ ಹೊಟ್ಟೆ ಯಾಕೆ ಚುರುಕ್ ಅಂದಿತು ಎಂಬುದನ್ನು ಹೇಳದಿದ್ದರೆ ಈ ಬರಹ ಅರ್ಧ ಆದೀತು. ನಾನೂ ಕನ್ನಡ ಮಾಧ್ಯಮದ ಪ್ರಾಣಿ. ಹಳ್ಳಿಯಲ್ಲಿ ಹತ್ತನೇ ಕ್ಲಾಸನ್ನು ಒಳ್ಳೆಯ ನಂಬರಿನಲ್ಲಿ ಪಾಸು ಮಾಡಿ, ಸೋದರಮಾವನ ಮನೆಯಲ್ಲಿದ್ದುಕೊಂಡು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಸೈನ್ಸಿಗೆ ಸೇರಿದೆ. 'ವೇಗೋತ್ಕರ್ಷ' ಎಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ. ಮೇಷ್ಟ್ರು 'ಆಕ್ಸಲರೇಶನ್' ಅಂದಾಗ ಮಾತ್ರ ಮಾವನ ಲೂನಾದ ಆಕ್ಸಲರೇಟರ್ ಕಣ್ಣೆದುರು ಬರುತ್ತಿತ್ತು! ಎರಡೂ ಒಂದೇ ಎಂದು ಹೊಳೆಯುವ ಹೊತ್ತಿಗೆ ಬೋರ್ಡು ಅಳಿಸಿ ಇನ್ನೊಂದು ಸೂತ್ರ ಬರೆದಾಗಿರುತ್ತಿತ್ತು.

ಎಂಬತ್ತು ಜನರ ಕ್ಲಾಸಿನಲ್ಲಿ ಎದ್ದು ನಿಂತು 'ಇನ್ನೊಂದು ಸಲ ಹೇಳಿ ಸಾರ್' ಅನ್ನುವ ಧೈರ್ಯ ಯಾರಿಗಿದೆ? ಕಾನ್ವೆಂಟ್ ಹುಡುಗನೊಬ್ಬನ ನೋಟ್ಸು ಬೇಡಿ ತಂದು ಜೆರಾಕ್ಸ್ ಮಾಡಿಸಿಕೊಂಡೆ. ಅವನ ಅಕ್ಷರ ಮುತ್ತಿನಂತೆ. ಆದರೆ ಅವನಿಗೆ ಗೊತ್ತಿದ್ದದ್ದನ್ನು ಅವನು ಬರೆದಿರಲೇ ಇಲ್ಲ. ನನಗೆ ಬೇಕಾಗಿದ್ದು ಅದೇ. ಹೀಗೆ ಮಂಚದ ಕೆಳಗೆ ಜೆರಾಕ್ಸ್ ಹಾಳೆ ರಾಶಿ ಬಿದ್ದವು, ತಲೆಯಲ್ಲಿ ಏನೂ ಬೀಳಲಿಲ್ಲ. ಎರಡನೇ ವರ್ಷದ ಪರೀಕ್ಷೆಗೆ ಹಾಲ್ ಟಿಕೆಟ್ ಬಂತು, ನಾನು ಹೋಗಲಿಲ್ಲ. ಮಾವ ಇವತ್ತಿಗೂ ಆ ಮಾತೆತ್ತುವುದಿಲ್ಲ, ಅತ್ತೆ ಎತ್ತುತ್ತಾರೆ.

ಆಗ ನನ್ನ ಕೈಯಲ್ಲೂ ಫೋನಿತ್ತು. ಮಿಸ್ಡ್ ಕಾಲ್ ಕೊಡುವುದಕ್ಕೆ, ಹಾವಿನ ಆಟ ಆಡುವುದಕ್ಕೆ. ಅದರಿಂದ ಪಾಠವನ್ನೂ ಕೇಳಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಮೊದಲು ಟೇಪ್ ತಂದವರು

ಯಾರಿಗೂ ಎಂದರೆ ತಪ್ಪಾಯಿತು. ಬಹಳ ಮೊದಲೇ ಹೊಳೆದವರಿದ್ದರು. ಓದಿಗೆ ಯಂತ್ರ ಬಳಸುವುದು ದುಡ್ಡಿದ್ದವರ ಮಕ್ಕಳ ಷೋಕಿ ಎಂದು ತಿಳಿದವರು ಬಿ.ಟಿ.ಎಂ. ಲೇಔಟಿನ ಆಚೆ ಬದಿಗಿರುವ ಎಚ್.ಎಸ್.ಆರ್. ಲೇಔಟಿಗೆ ಒಮ್ಮೆ ಹೋಗಿಬರಬೇಕು. ಅಲ್ಲಿ 'ಮಿತ್ರ ಜ್ಯೋತಿ' ಎಂಬ ಸಂಸ್ಥೆ ಇದೆ. ಸ್ವತಃ ಕಣ್ಣು ಕಾಣದ ಮಧು ಸಿಂಘಾಲ್ ಅವರು 1990ರಲ್ಲಿ ಕಟ್ಟಿದ್ದು. ಕಣ್ಣಿದ್ದವರು ಪಾಠಪುಸ್ತಕವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಕೊಡುವುದು, ಕಣ್ಣಿಲ್ಲದ ವಿದ್ಯಾರ್ಥಿಗಳು ಅದನ್ನು ಕೇಳಿ ಪರೀಕ್ಷೆ ಪಾಸು ಮಾಡುವುದು. ಮಾತಾಡುವ ಪುಸ್ತಕಗಳ ಗ್ರಂಥಾಲಯ! ಟೇಪ್ ರೆಕಾರ್ಡರ್ ಎಂದರೆ ನಮ್ಮ ನಿಮ್ಮ ಮನೆಗಳಲ್ಲಿ ಹಬ್ಬದ ದಿನ ಭಕ್ತಿಗೀತೆ ಹಾಕುವ ಡಬ್ಬಿ ಆಗಿದ್ದ ಕಾಲದಲ್ಲಿ ಅವರಿಗೆ ಅದೇ ಕಾಲೇಜು.

ಈಗ ಕ್ಯಾಸೆಟ್ಟು ಹೋಯಿತು. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಪುಕ್ಕಟೆ ತಂತ್ರಾಂಶ ಇದೆ, 'ಎನ್‌ವಿಡಿಎ' ಅಂತ. ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ದೃಷ್ಟಿಹೀನ ಯುವಕ 2006ರಲ್ಲಿ ಶುರುಮಾಡಿದ್ದು, ಕನ್ನಡವನ್ನೂ ಓದುತ್ತದೆ. ಉಚ್ಚಾರಣೆ ಸ್ವಲ್ಪ ಯಂತ್ರದ ಹಾಗೇ ಇರುತ್ತದೆ. ಕೇಳುವವರಿಗೆ ಅದರ ಚಿಂತೆ ಇಲ್ಲ.

ನನ್ನ ಲೆಕ್ಕದಲ್ಲಿ ಹೂವಿನವರ ಮಗಳೂ ಇವರೂ ಒಂದೇ ಸಾಲಿನವರು. ಕ್ಲಾಸಿನಲ್ಲಿ ಮೇಷ್ಟ್ರು ಹೇಳುವುದು ಒಂದೇ ಸಲ. ಆ ಒಂದು ಸಲದಲ್ಲಿ ಹಿಡಿದುಕೊಳ್ಳಲಾರದವರಿಗೆ, ಮನೆಯಲ್ಲಿ ಹೇಳಿಕೊಡುವವರಿಲ್ಲದವರಿಗೆ, ಟ್ಯೂಷನ್ನಿಗೆ ದುಡ್ಡಿಲ್ಲದವರಿಗೆ ಈ ಯಂತ್ರ ಹತ್ತು ಸಲ ಹೇಳುತ್ತದೆ. ಬೈಯುವುದಿಲ್ಲ, ಹಿಂದಿನ ಬೆಂಚಿನವರು ನಗುವುದೂ ಇಲ್ಲ.

ಬೋರ್ಡಿಗೆ ಫೋಟೊ

ಎಲ್ಲರೂ ಹೀಗಲ್ಲ, ಖಂಡಿತ ಅಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ ಎರಡನೇ ಹಂತ ಸುತ್ತಿ ಹಲವು ಹುಡುಗರನ್ನು ಮಾತಾಡಿಸಿದೆ. ಪಿಯುಸಿ ಮಕ್ಕಳು ಫೋನು ತಂದರೆ ಎಷ್ಟೋ ಕಾಲೇಜುಗಳಲ್ಲಿ ಕಿತ್ತು ಇಟ್ಟುಕೊಳ್ಳುತ್ತಾರೆ. ಡಿಗ್ರಿಯವರಿಗೆ, ಎಂಜಿನಿಯರಿಂಗಿನವರಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಅಲ್ಲಿ ನಡೆಯುವುದು ಏನು? ಮೇಷ್ಟ್ರು ಬೋರ್ಡ್ ತುಂಬ ಬರೆಯುತ್ತಾರೆ. ಹುಡುಗರು ಕೈ ಕಟ್ಟಿ ಕೂತಿರುತ್ತಾರೆ. ಅಳಿಸುವ ಮುಂಚೆ ಹತ್ತು ಫೋನು ಮೇಲೇಳುತ್ತವೆ, ಕ್ಲಿಕ್, ಕ್ಲಿಕ್. ಪಾಠ ಮುಗಿಯಿತು!

ಆ ಫೋಟೊ ಮತ್ತೆ ಯಾವಾಗ ನೋಡುತ್ತೀರಪ್ಪ ಎಂದರೆ ಪರಸ್ಪರ ಮುಖ ನೋಡಿಕೊಂಡು ನಗುತ್ತಾರೆ. ಒಬ್ಬ ಹುಡುಗ ತನ್ನ ಫೋನು ತೋರಿಸಿದ. ಮ್ಯಾಥಮ್ಯಾಟಿಕ್ಸಿನ ಬೋರ್ಡು, ಅದರ ಪಕ್ಕ ಅಕ್ಕನ ಸೀಮಂತ, ಅದರ ಪಕ್ಕ ಅರ್ಧ ತಿಂದ ಮಸಾಲೆ ದೋಸೆ, ಮತ್ತೆ ಬೋರ್ಡು. ಯಾವ ಬೋರ್ಡು ಯಾವ ಪಾಠದ್ದು ಎಂದು ಅವನಿಗೂ ತಿಳಿಯದು. ನಾನು ಮಂಚದ ಕೆಳಗೆ ರಾಶಿ ಹಾಕಿದ್ದೆ, ಇವನು ಫೋನಿನೊಳಗೆ ರಾಶಿ ಹಾಕಿದ್ದಾನೆ. ವ್ಯತ್ಯಾಸ ಇಷ್ಟೇ, ಇವನಿಗೆ ಜೆರಾಕ್ಸಿನ ಖರ್ಚಿಲ್ಲ.

ದುಡ್ಡಿದ್ದವರ ಮಕ್ಕಳದು ಇನ್ನೊಂದು ಥರ. ಗಾಜಿನ ಪರದೆಯ ಮೇಲೆ ಕಡ್ಡಿ ಹಿಡಿದು ಬರೆಯುವ ಟ್ಯಾಬ್ಲೆಟ್ಟು. ಬೇಕಾದ ಬಣ್ಣ, ಬೇಕಾದ ಕಡೆ ಚಿತ್ರ, ತಪ್ಪಾದರೆ ಉಜ್ಜಿದರೆ ಮಾಯ. 2025ರ ಆಗಸ್ಟಿನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಶುರುವಾಯಿತಲ್ಲ, ಅದರಲ್ಲಿ ಬಿ.ಟಿ.ಎಂ. ಲೇಔಟಿನಲ್ಲಿ ಹತ್ತಿದ ಒಬ್ಬ ಎಂಜಿನಿಯರಿಂಗ್ ಹುಡುಗ ನಿಂತುಕೊಂಡೇ ಸರ್ಕ್ಯೂಟ್ ಬಿಡಿಸುತ್ತಿದ್ದುದನ್ನು ಕಣ್ಣಾರೆ ಕಂಡೆ. ನೋಡುವುದಕ್ಕೆ ಚಂದ, ಸುಳ್ಳು ಯಾಕೆ ಹೇಳಲಿ.

ಅಂದಹಾಗೆ, ಕಡ್ಡಿಯಲ್ಲಿ ಪರದೆ ಮೇಲೆ ಬರೆಯುವುದು ಅಮೆರಿಕದಿಂದಲೇ ಬರಬೇಕಾಗಿರಲಿಲ್ಲ. ಇದೇ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲೇ 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರನ್ನು ಮಾಡಿ ತೋರಿಸಿದ್ದರು. ಬಡವರ ಕೈಗೆ ಕಂಪ್ಯೂಟರ್ ಎಂಬುದು ಉದ್ದೇಶ. 2004ರಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಅಂಗಡಿಗೂ ಬಂತು, ತಯಾರಿಕೆ ಬಿ.ಇ.ಎಲ್. ಕಾರ್ಖಾನೆಯದು. ಕಡ್ಡಿಯಲ್ಲಿ ಬರೆಯಬಹುದಿತ್ತು. ನಿಲ್ಲಲಿಲ್ಲ. ಊರ ಕೂಸು ಊರಿನವರಿಗೇ ಮರೆತುಹೋಯಿತು.

ಪೆನ್ನು ಮೇಲೋ, ಕೀಲಿಮಣೆ ಮೇಲೋ

ಈ ಜಗಳ ಅಮೆರಿಕದಲ್ಲೂ ಇದೆ. 2014ರಲ್ಲಿ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪೆನ್‌ಹೈಮರ್ ಎಂಬಿಬ್ಬರು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ಲ್ಯಾಪ್‌ಟಾಪು, ಕೆಲವರಿಗೆ ಪೆನ್ನು ಕಾಗದ, ಎಲ್ಲರಿಗೂ ಅದೇ ಉಪನ್ಯಾಸ. ಲ್ಯಾಪ್‌ಟಾಪಿನವರು ಭಾಷಣವನ್ನು ಪದಕ್ಕೆ ಪದ ಇಳಿಸಿಕೊಂಡರು. ಬರೆಯುವವರಿಗೆ ಅಷ್ಟು ವೇಗ ಎಲ್ಲಿ? ಅವರು ಸಾರ ಹಿಡಿದು ಬರೆದರು. ವಿಷಯದ ಹುರುಳು ಕೇಳುವ ಪ್ರಶ್ನೆ ಕೊಟ್ಟಾಗ ಪೆನ್ನಿನವರೇ ಮುಂದೆ! ಅಲ್ಲಿಂದ ಜಗತ್ತಿನ ಪತ್ರಿಕೆಗಳೆಲ್ಲ ಪೆನ್ನಿಗೆ ಜೈ ಅಂದವು.

ಆದರೆ ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. 2021ರಲ್ಲಿ ಹೆದರ್ ಅರಿ ಮತ್ತು ಸಂಗಡಿಗರು ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಲ್ಯಾಪ್‌ಟಾಪಿನವರು ಪದಕ್ಕೆ ಪದ ಇಳಿಸುವುದು ನಿಜವೇ ಎಂದು ಕಂಡಿತು. ಅಂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅಂದರೆ ಪೆನ್ನು ಹಿಡಿದ ಮಾತ್ರಕ್ಕೆ ಯಾರೂ ಬುದ್ಧಿವಂತರಾಗುವುದಿಲ್ಲ, ಯಂತ್ರ ಹಿಡಿದ ಮಾತ್ರಕ್ಕೆ ದಡ್ಡರೂ ಆಗುವುದಿಲ್ಲ.

ಪಿಎಚ್.ಡಿ. ಮಾಡಿದವರ ಮಾತಿಗೆ ಪಿಯುಸಿ ಬಿಟ್ಟವನು ಬಾಲ ಹಚ್ಚುವುದು ಅಧಿಕಪ್ರಸಂಗ. ಆದರೂ ಒಂದು ಮಾತು. ಅಂಗಡಿಯವರು ಉದ್ರಿ ಬರೆಯುವ ಪುಸ್ತಕ ಇಟ್ಟಿರುತ್ತಾರೆ. ಸಂಜೆ ಕೂತು, ಯಾರಿಗೆ ಎಷ್ಟು, ಯಾವ ಸಾಮಾನು ಎಂದು ಕೈಯಾರೆ ಬರೆದವರಿಗೆ ಪುಸ್ತಕ ತೆರೆಯದೆಯೇ ಬಾಕಿ ನೆನಪಿರುತ್ತದೆ. ಅದೇ ಗಿರಾಕಿಯ ಚೀಟಿಗಳನ್ನೆಲ್ಲ ಫೋಟೊ ಹೊಡೆದಿಟ್ಟುಕೊಂಡರೆ? ಲೆಕ್ಕ ಇರುತ್ತದೆ, ನೆನಪಿರುವುದಿಲ್ಲ. ಬಾಕಿ ಕೇಳಬೇಕಾದ ಮುಖ ಎದುರಿಗೆ ನಿಂತಾಗ ಫೋನು ತಡಕಾಡುತ್ತಾ ಕೂರಬೇಕು. ಹೂವಿನವರ ಮಗಳು ರಾತ್ರಿ ಮಾಡುವುದು ಈ ಉದ್ರಿ ಪುಸ್ತಕದ ಕೆಲಸ.

ಇನ್ನೊಂದು ತಮಾಷೆ ಇದೆ. ವರ್ಷವಿಡೀ ಏನೇ ಒತ್ತಿ, ಎಷ್ಟೇ ಉಜ್ಜಿ, ಕೊನೆಗೆ ಪಿಯುಸಿಯಾಗಲಿ ಡಿಗ್ರಿಯಾಗಲಿ ಪರೀಕ್ಷೆ ನಡೆಯುವುದು ಪೆನ್ನಿನಲ್ಲಿ. ಗಂಟೆಗಟ್ಟಲೆ, ಹಾಳೆಗಟ್ಟಲೆ. ವರ್ಷವೆಲ್ಲ ಹೆಬ್ಬೆರಳು ಆಡಿಸಿದ ಹುಡುಗರಿಗೆ ಎರಡನೇ ಗಂಟೆಗೇ ಮಣಿಕಟ್ಟು ಹಿಡಿಯುತ್ತದೆ. ಉತ್ತರ ಗೊತ್ತಿದ್ದೂ ಕೊನೆಯ ಪ್ರಶ್ನೆ ಬಿಟ್ಟು ಬಂದೆ ಎಂದು ಹೇಳಿದವರು ನನಗೆ ಒಬ್ಬಿಬ್ಬರಲ್ಲ.

ಜೆರಾಕ್ಸ್ ಅಂಗಡಿಯ ಸುಗ್ಗಿ

ಫೋನು ಬಂದ ಮೇಲೆ ಜೆರಾಕ್ಸ್ ಅಂಗಡಿಗಳು ಬಾಗಿಲು ಹಾಕಿರಬೇಕು ಎಂದು ನೀವು ಅಂದುಕೊಂಡರೆ ಪರೀಕ್ಷೆಯ ಹಿಂದಿನ ದಿನ ಸಂಜೆ ಯಾವುದಾದರೂ ಕಾಲೇಜಿನ ಎದುರು ಹೋಗಿ ನಿಲ್ಲಿ. ಕಾಲಿಡಲು ಜಾಗ ಇರುವುದಿಲ್ಲ! ವರ್ಷವಿಡೀ ಫೋನಿನಲ್ಲಿ ಕೂತಿದ್ದ ನೋಟ್ಸೆಲ್ಲ ಅಂದು ಒಂದೇ ಸಲ ಕಾಗದ ಆಗುತ್ತದೆ. ವಾಟ್ಸ್ಯಾಪಿನಲ್ಲಿ ಅಂಗಡಿಯ ನಂಬರಿಗೆ ಕಳಿಸುವುದು, ಪ್ರಿಂಟು, ಸ್ಪೈರಲ್ ಬೈಂಡಿಂಗು. ಪರದೆ ಮೇಲೆ ಓದಿದ್ದು ಪರೀಕ್ಷೆ ಹೊತ್ತಿಗೆ ನಿಲ್ಲಲ್ಲ ಎಂಬುದು ಹುಡುಗರ ಹೇಳಿಕೆ. ಅಂಗಡಿಯವರಿಗೆ ಸುಗ್ಗಿ. ಹುಡುಗರಿಗೆ ಒಂದು ಬುದ್ಧಿಮಾತು: ಅದೇ ನಂಬರಿಗೆ ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು ಕಳಿಸಿದ್ದರೆ ಪ್ರಿಂಟಾದ ಮೇಲೆ ಎದುರಿಗೇ ನಿಂತು ಅಳಿಸಲು ಹೇಳಿ. ದಾಕ್ಷಿಣ್ಯ ಬೇಡ.

ಅಂಗಡಿಯವರಿಗೂ ಒಂದು ವಿಷಯ ತಿಳಿದಿರಲಿ. ದಿಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿ 'ರಾಮೇಶ್ವರಿ' ಎಂಬ ಜೆರಾಕ್ಸ್ ಅಂಗಡಿ. ವಿದ್ಯಾರ್ಥಿಗಳಿಗಾಗಿ ಬೇರೆ ಬೇರೆ ಪುಸ್ತಕದ ಭಾಗಗಳನ್ನು ಕೂಡಿಸಿ ಕಟ್ಟು ಮಾಡಿ ಕೊಡುತ್ತಿದ್ದರು. ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ದೊಡ್ಡ ದೊಡ್ಡ ಪ್ರಕಾಶಕರು 2012ರಲ್ಲಿ ಆ ಪುಟ್ಟ ಅಂಗಡಿಯ ಮೇಲೆ, ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದರು. 2016ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಅಂಗಡಿಯ ಪರ ತೀರ್ಪು ಕೊಟ್ಟಿತು. ಪಾಠದ ಸಲುವಾಗಿ ಹೀಗೆ ಪ್ರತಿ ತೆಗೆಯುವುದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲೇ ಅವಕಾಶ ಇದೆ ಎಂಬುದು ತೀರ್ಪಿನ ತಾತ್ಪರ್ಯ. 2017ರಲ್ಲಿ ಪ್ರಕಾಶಕರು ದಾವೆಯನ್ನೇ ಹಿಂದಕ್ಕೆ ಪಡೆದರು. ಹಾಗಂತ ಇಡೀ ಪುಸ್ತಕವನ್ನೇ ಜೆರಾಕ್ಸ್ ಹೊಡೆದು ರಟ್ಟು ಹಾಕಿ ಮಾರಿದರೆ ಕೋರ್ಟು ಬೆನ್ನು ತಟ್ಟುತ್ತದೆ ಎಂದು ತಿಳಿಯಬೇಡಿ!

ಯಂತ್ರ ಬರೆದುಕೊಟ್ಟ ನೋಟ್ಸು

ಈಗಿನ ಹೊಸ ಸಮಾಚಾರ ಎಂದರೆ ಪಾಠ ಕೇಳಿಸಿಕೊಂಡು ತಾನೇ ನೋಟ್ಸು ಬರೆದುಕೊಡುವ ಯಂತ್ರಬುದ್ಧಿ. 2022ರ ನವೆಂಬರ್ 30ರಂದು 'ಚಾಟ್‌ಜಿಪಿಟಿ' ಬಂತು. ಆಮೇಲೆ ಅದರ ಅಣ್ಣತಮ್ಮಂದಿರು ಸಾಲುಸಾಲಾಗಿ ಬಂದರು. ಪ್ರಶ್ನೆ ಹಾಕಿದರೆ ಉತ್ತರ, ಪಾಠ ಹಾಕಿದರೆ ಸಾರಾಂಶ, ಇಂಗ್ಲಿಷ್ ಹಾಕಿದರೆ ಕನ್ನಡ. ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮಾಡಿಕೊಡುವ ಸೌಲಭ್ಯವನ್ನಂತೂ ಗೂಗಲ್ ಕಂಪನಿ 2017ರ ಆಗಸ್ಟಿನಲ್ಲೇ ಕೊಟ್ಟಿತ್ತು.

ಇದನ್ನು ಬಳಸಬೇಡಿ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ನನ್ನ ಕಾಲದಲ್ಲಿ ಇದ್ದಿದ್ದರೆ ಆಕ್ಸಲರೇಶನ್ ಅಂದರೇನು ಎಂದು ಮೊದಲು ನಾನೇ ಕೇಳುತ್ತಿದ್ದೆ. ಆದರೆ ಎರಡು ತೊಂದರೆ. ನಮ್ಮ ಮೇಷ್ಟ್ರುಗಳು ಅರ್ಧ ಇಂಗ್ಲಿಷು, ಅರ್ಧ ಕನ್ನಡ ಬೆರೆಸಿ ಪಾಠ ಹೇಳುವವರು. 'ಇದನ್ನ ಡೆಬಿಟ್ ಮಾಡಿ, ಅದನ್ನ ಕ್ರೆಡಿಟ್ಟಿಗೆ ಹಾಕ್ರಪ್ಪ' ಎಂದರೆ ಇಂಗ್ಲಿಷಿಗೆ ಕಿವಿ ಕೊಟ್ಟು ಕೂತ ಯಂತ್ರ ಏನೇನೋ ಬರೆದಿಡುತ್ತದೆ. ಎರಡನೆಯದು, ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೆ ಠೀವಿಯಿಂದ ಹೇಳಿಬಿಡುತ್ತದೆ. ತಪ್ಪು ಯಾವುದು ಎಂದು ಹಿಡಿಯಬೇಕಾದರೆ ಪಾಠ ಮೊದಲೇ ತಿಳಿದಿರಬೇಕು. ಮೊದಲೇ ತಿಳಿದಿದ್ದರೆ ಅದನ್ನು ಯಾಕೆ ಕೇಳಬೇಕಿತ್ತು?

ಹುಡುಗಿಯೂ ಪ್ರಯತ್ನಿಸಿ ನೋಡಿದ್ದಾಳೆ. ಸವಕಳಿಯನ್ನು ಕನ್ನಡದಲ್ಲಿ ವಿವರಿಸು ಎಂದರೆ ಯಂತ್ರ ಚೆನ್ನಾಗಿಯೇ ವಿವರಿಸಿತಂತೆ. ಕಾರ್ಖಾನೆ, ಲಾರಿ, ಯಂತ್ರೋಪಕರಣ ಅಂತೆಲ್ಲ. ತಳ್ಳುಗಾಡಿ ತಾನೇ ಹಾಕಿಕೊಂಡಿದ್ದು.

ಸರ್ಕಾರ ಏನೂ ಮಾಡಿಲ್ಲವೇ? ಮಾಡಿದೆ. 2011ರಲ್ಲಿ ಕೇಂದ್ರ ಸರ್ಕಾರ 'ಆಕಾಶ್' ಎಂಬ ಅಗ್ಗದ ಟ್ಯಾಬ್ಲೆಟ್ ಬಿಡುಗಡೆ ಮಾಡಿ ದೊಡ್ಡ ಸುದ್ದಿ ಆಯಿತು. ಆಮೇಲೆ ಸುದ್ದಿ ಇಲ್ಲ. ಕೊರೊನಾ ಕಾಲದಲ್ಲಿ ಕಾಲೇಜೆಲ್ಲ ಫೋನಿನೊಳಗೆ ಹೋಗಿ, ಒಂದೇ ಫೋನಿನ ಮನೆಗಳಲ್ಲಿ ಅಣ್ಣ-ತಂಗಿ ಕಿತ್ತಾಡಿದ್ದು ಎಲ್ಲರಿಗೂ ನೆನಪಿದೆ. 2021ರ ಜೂನಿನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬು ಹಂಚುವ ಕೆಲಸಕ್ಕೆ ಕೈ ಹಾಕಿತು. ಒಳ್ಳೆಯದೇ. ಹೂವಿನವರ ಮಗಳು ಆಗ ಹೈಸ್ಕೂಲು. ಈಗ ಓದುತ್ತಿರುವುದು ಖಾಸಗಿ ಕಾಲೇಜು. ಅಂಥದ್ದು ಅವಳವರೆಗೆ ಬಂದಿಲ್ಲ.

ಶುಕ್ರವಾರದ ಪುಟಗಳು

ಈಗ ಶುಕ್ರವಾರ.

ಬನಶಂಕರಮ್ಮನ ಗುಡಿಗೆ ರಾಹುಕಾಲದಲ್ಲಿ ಬಂದು ನಿಂಬೆಹಣ್ಣಿನ ಸಿಪ್ಪೆಯಲ್ಲಿ ದೀಪ ಹಚ್ಚುವ ಪದ್ಧತಿ ಊರಿಗೆಲ್ಲ ಗೊತ್ತು. ಮಂಗಳವಾರ, ಶುಕ್ರವಾರ, ಭಾನುವಾರ ಜನ ಜಾಸ್ತಿ. ಮಂಗಳವಾರದ ರಾಹುಕಾಲ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಅಷ್ಟರಲ್ಲಿ ಮಗಳು ಕಾಲೇಜು ಮುಗಿಸಿ ಬಂದಿರುತ್ತಾಳೆ. ಭಾನುವಾರ ರಜಾ. ಶುಕ್ರವಾರದ ರಾಹುಕಾಲ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು. ಸರಿಯಾಗಿ ಪಾಠದ ಹೊತ್ತು!

ಫೋನಿಗೂ ಹೂವಿಗೂ ಏನು ಸಂಬಂಧ ಎನ್ನುತ್ತೀರಾ? ಅಂಗಡಿಯವರು ಕೇಳುವುದಿಲ್ಲ, ಅವರಿಗೆ ಗೊತ್ತು. ಈಗ ಮೊಳ ಹೂವಿಗೂ ಜನ ಚಿಲ್ಲರೆ ಕೊಡುವುದಿಲ್ಲ, ಫೋನಿನಲ್ಲಿ ಗೀಚಿ ಕಳಿಸುತ್ತಾರೆ. ತಳ್ಳುಗಾಡಿಗೆ ಚೌಕಳಿ ರಟ್ಟು ನೇತುಹಾಕಿದರೆ ದುಡ್ಡು ಬ್ಯಾಂಕಿಗೇನೋ ಹೋಗುತ್ತದೆ. ಬಂತೋ ಇಲ್ಲವೋ ಎಂದು ನೋಡುವುದಕ್ಕೆ ಫೋನು ಕೈಯಲ್ಲಿರಬೇಕು. ಮೊದಮೊದಲು ಮಗಳು ಶುಕ್ರವಾರವೂ ಫೋನು ಒಯ್ಯುತ್ತಿದ್ದಳು. ಗಿರಾಕಿ 'ಕಳಿಸಿದೀನಿ ನೋಡಮ್ಮ' ಎಂದು ಪರದೆ ತೋರಿಸಿದರೆ ತಾಯಿ ತಲೆಯಾಡಿಸಿ ಹೂವು ಕಟ್ಟಿಕೊಡುತ್ತಿದ್ದರು. ಒಂದು ಶುಕ್ರವಾರ ಸಂಜೆ ಲೆಕ್ಕ ಹಾಕಿದರೆ ಮುನ್ನೂರು ಚಿಲ್ಲರೆ ಕಡಿಮೆ. ದುಡ್ಡು ಬಂದದ್ದನ್ನು ಕೂಗಿ ಹೇಳುವ ಡಬ್ಬಿ ಸಿಗುತ್ತದೆ, ಅದಕ್ಕೆ ತಿಂಗಳ ಬಾಡಿಗೆ. ತಾಯಿ ಅದನ್ನು ಲೆಕ್ಕ ಹಾಕಿ ನೋಡಿ ಬೇಡ ಅಂದರಂತೆ. ಮಗಳಿಗೆ ಮಾತ್ರ ಏನೂ ಅನ್ನಲಿಲ್ಲ. ನೀನು ತಗೊಂಡು ಹೋಗು ಅಂದರಷ್ಟೆ. ಮುಂದಿನ ಶುಕ್ರವಾರ ಇವಳೇ ಫೋನನ್ನು ಹೂವಿನ ಬುಟ್ಟಿಯಲ್ಲಿಟ್ಟು ಕಾಲೇಜಿಗೆ ಹೋದಳು.

ಲಾಂಗ್ ಬುಕ್ಕಿನಲ್ಲಿ ಶುಕ್ರವಾರದ ಪುಟಗಳನ್ನು ನೋಡಿದೆ. ಬಲಗಡೆ ಅರ್ಧ ಅರ್ಧ ವಾಕ್ಯ, ನಡುವೆ ಬಿಟ್ಟ ಜಾಗ, ಸ್ಪೆಲಿಂಗ್ ತಿಳಿಯದ್ದನ್ನು ಕನ್ನಡ ಅಕ್ಷರದಲ್ಲೇ ಗೀಚಿದ್ದು. ಎಡಗಡೆ ಪುಟ ಖಾಲಿ. ಪೆನ್ನು ಕಾಗದವೇ ಶ್ರೇಷ್ಠ ಎನ್ನುವ ಹಿರಿಯರು ಈ ಪುಟಗಳನ್ನು ಒಮ್ಮೆ ನೋಡಬೇಕಿತ್ತು. ಗೆಳತಿ ರೆಕಾರ್ಡ್ ಮಾಡಿ ಕಳಿಸುತ್ತೇನೆ ಅಂದಿದ್ದಾಳಂತೆ. ಕೆಲವು ವಾರ ಕಳಿಸುತ್ತಾಳೆ, ಕೆಲವು ವಾರ ಮರೆಯುತ್ತಾಳೆ. ನೆನಪಿಸಲು ಇವಳಿಗೆ ಸಂಕೋಚ.

ಹೋದ ಶುಕ್ರವಾರ ಸಂಜೆ ಗುಡಿಯ ಹತ್ತಿರ ಹೋಗಿದ್ದೆ. ಮಗಳು ಕಾಲೇಜಿನಿಂದ ಬಂದು ತಳ್ಳುಗಾಡಿಯ ಹಿಂದೆ ಒಂದು ಕ್ರೇಟಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಲಾಂಗ್ ಬುಕ್, ಕಿವಿಯಲ್ಲಿ ವೈರು. ಗುರುವಾರದ ಪಾಠ ಬರೆಯುವುದು ಬಾಕಿ ಇತ್ತಂತೆ. ತಾಯಿ ಮುಂದೆ ನಿಂತು ಸೇವಂತಿಗೆ ಅಳೆಯುತ್ತಿದ್ದರು. ಒಬ್ಬಾಕೆ ರಟ್ಟಿನ ಮುಂದೆ ಫೋನು ಹಿಡಿದು, ಕಳಿಸಿದೆ ಅಂದರು. ತಾಯಿ ಹಿಂದಿರುಗಿ ನೋಡಿದರು. ಹುಡುಗಿ ಬರೆಯುತ್ತಿದ್ದವಳು ಅರೆಗಳಿಗೆ ಪೆನ್ನು ನಿಲ್ಲಿಸಿದಳು. ಅವಳ ಕಿವಿಯಲ್ಲಿ ಮೇಷ್ಟ್ರ ಮಾತಿನ ನಡುವೆ ನುಗ್ಗಿ ಫೋನು, ನಲವತ್ತು ರೂಪಾಯಿ ಬಂದಿದೆ ಎಂದು ಹೇಳಿರಬೇಕು. ತಲೆ ಎತ್ತದೆಯೇ ಎಡಗೈ ಮೇಲೆತ್ತಿ 'ಬಂತಮ್ಮಾ' ಅಂದಳು. ಆಮೇಲೆ ಪಾಠವನ್ನು ಹತ್ತು ಸೆಕೆಂಡು ಹಿಂದಕ್ಕೆ ತಿರುಗಿಸಿಕೊಂಡಳು.